77ಕ್ಕೆ ಶುರು ಮಾಡಿದ ಓಲ್ಗಾ: ವಯಸ್ಸಾದ ಮೇಲೆ ಹೊಸದು ಕಲಿತ ಹೆಂಗಸರ ಬಗ್ಗೆ ಮಾತಾಡೋಣ

ಮುಂಜಾನೆ ನಡಿಗೆ:

ಓಲ್ಗಾ ಕೊಟೆಲ್ಕೊ ಅನ್ನುವ ಹೆಸರು ಕೇಳಿದ್ದೀರಾ? ಕೇಳಿಲ್ಲದಿದ್ದರೆ ಈ ಚರ್ಚೆ ನಿಮಗಾಗಿಯೇ.

ಓಲ್ಗಾ ಹುಟ್ಟಿದ್ದು 1919ರಲ್ಲಿ, ಕೆನಡಾದ ಸಸ್ಕಾಚುವಾನ್ ಪ್ರಾಂತ್ಯದ ರೈತರ ಮನೆಯಲ್ಲಿ. ಉಕ್ರೇನ್ ಮೂಲದ ಕುಟುಂಬ. 11 ಮಕ್ಕಳಲ್ಲಿ ಇವರು ಏಳನೆಯವರು. ಶಾಲೆಯಲ್ಲಿ ಟೀಚರ್ ಆದರು, ಮದುವೆಯೂ ಆಯಿತು. ಆದರೆ ಗಂಡನ ಹಿಂಸೆ ತಾಳಲಾಗದೆ 1953ರಲ್ಲಿ ಮನೆ ಬಿಟ್ಟರು. ಆಗ ಅವರು ಎರಡನೇ ಮಗುವಿಗೆ ಬಸುರಿ. ಚಿಕ್ಕ ಮಗಳನ್ನು ಕರೆದುಕೊಂಡು ದೂರದ ಬ್ರಿಟಿಷ್ ಕೊಲಂಬಿಯಾಕ್ಕೆ ಹೋದರು. ಅಲ್ಲಿ ಕೆಲಸ ಮಾಡುತ್ತಾ, ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತಾ ಪದವಿಯನ್ನೂ ಓದಿದರು. 1984ರಲ್ಲಿ ನಿವೃತ್ತಿ.

ಬಹಳಷ್ಟು ಜನರ ಕಥೆ ಇಲ್ಲಿಗೆ ಮುಗಿಯುತ್ತದೆ. ಇವರದ್ದು ಇಲ್ಲಿಂದಲೇ ಶುರು. ಮೊದಲು ಸಾಫ್ಟ್‌ಬಾಲ್ ಆಡಿದರು. 77ನೇ ವಯಸ್ಸಿನಲ್ಲಿ ಅಥ್ಲೆಟಿಕ್ಸ್‌ಗೆ ಬಂದರು. ಓಟ, ಲಾಂಗ್ ಜಂಪ್, ಹೈ ಜಂಪ್, ಗುಂಡು ಎಸೆತ, ಜಾವೆಲಿನ್, ಹ್ಯಾಮರ್ (ತಂತಿಗೆ ಕಟ್ಟಿದ ಲೋಹದ ಗುಂಡನ್ನು ಬೀಸಿ ಎಸೆಯುವ ಆಟ), ಎಲ್ಲದರಲ್ಲೂ ಇಳಿದರು. 2009ರಲ್ಲಿ ಸಿಡ್ನಿಯಲ್ಲಿ ನಡೆದ, ಹಿರಿಯರು ವಯಸ್ಸಿನ ಗುಂಪುಗಳಲ್ಲಿ ಸ್ಪರ್ಧಿಸುವ ವರ್ಲ್ಡ್ ಮಾಸ್ಟರ್ಸ್ ಗೇಮ್ಸ್‌ನಲ್ಲಿ 100 ಮೀಟರ್ ಓಡಿದ್ದು 23.95 ಸೆಕೆಂಡಿನಲ್ಲಿ. ಆಗ ಅವರಿಗೆ 90 ವರ್ಷ! 2014ರಲ್ಲಿ, 95ನೇ ವಯಸ್ಸಿನಲ್ಲಿ ತೀರಿಕೊಂಡಾಗ ಅವರ ಹೆಸರಿನಲ್ಲಿ 30ಕ್ಕೂ ಜಾಸ್ತಿ ವಿಶ್ವದಾಖಲೆಗಳಿದ್ದವು, 750ಕ್ಕೂ ಜಾಸ್ತಿ ಚಿನ್ನದ ಪದಕಗಳಿದ್ದವು.

ನನಗೆ ಪದಕಗಳಿಗಿಂತ ಇನ್ನೊಂದು ವಿಷಯ ಮುಖ್ಯ ಅನ್ನಿಸುತ್ತದೆ. 77ರ ಹೆಂಗಸು ಹ್ಯಾಮರ್ ಹಿಡಿಯುವುದು ಹೇಗೆ ಅಂತ ಕಲಿಯಲು ಹೋದರು. ಕಲಿಸಲು ಜನ ಸಿಕ್ಕರು. ನಮ್ಮ ಮನೆಗಳಲ್ಲಿ ವಯಸ್ಸಾದ ಹೆಂಗಸರಿಗೆ ಎಲ್ಲರೂ ಪ್ರೀತಿಯಿಂದ ಹೇಳುವುದು ಒಂದೇ ಮಾತು: "ನೀವು ಸುಮ್ನೆ ಕೂತ್ಕೊಳ್ಳಿ." ಹೊಸದು ಕಲಿಯಿರಿ ಅಂತ ಹೇಳುವವರು ಎಷ್ಟು ಜನ?

ನಿಮಗೆ ಗೊತ್ತಿರುವಂಥವರು ಇದ್ದರೆ ಹೇಳಿ. ಅವರನ್ನು ನಡೆಸುತ್ತಿರುವುದು ಏನು ಅಂತಲೂ ಬರೆಯಿರಿ.

ಗಟ್ಟಿ ಪ್ರಶ್ನೆ:

ಒಳ್ಳೆಯ ವಿಷಯ ತೆಗೆದಿದ್ದೀರಿ. ಆದರೂ ಒಂದು ಮಾತು ಹೇಳಲೇಬೇಕು. ಇಂಥ ಕಥೆಗಳನ್ನು ನಮ್ಮ ಅಮ್ಮನಿಗೆ ಯಾರಾದರೂ ಕಳಿಸಿದಾಗಲೆಲ್ಲ ಅವರ ಮುಖ ಸಪ್ಪಗಾಗುತ್ತದೆ. ಅವರಿಗೆ ಎರಡೂ ಮಂಡಿ ಸವೆದಿದೆ. ಮೆಟ್ಟಿಲು ಹತ್ತುವುದೇ ಕಷ್ಟ. 90ಕ್ಕೆ ಓಡಿದವರನ್ನು ತೋರಿಸಿ "ನೋಡಿ, ಮನಸ್ಸಿದ್ದರೆ ಆಗುತ್ತೆ" ಅಂದರೆ, ನೋವಿರುವವರಿಗೆ ಮನಸ್ಸಿಲ್ಲ ಅಂದ ಹಾಗಾಗುತ್ತದೆ. ಅದು ಅನ್ಯಾಯ ಅಲ್ವಾ?

90 ದಾಟಿ ಗಟ್ಟಿಯಾಗಿರುವುದಕ್ಕೆ ಹುಟ್ಟಿನಿಂದ ಬಂದ ದೇಹಗುಣವೂ ಬೇಕು, ಅದೃಷ್ಟವೂ ಬೇಕು. ಆ ವಯಸ್ಸಿನ ಗುಂಪಿನಲ್ಲಿ ಎಷ್ಟೋ ಸಲ ಸ್ಪರ್ಧಿಗಳೇ ಇರುವುದಿಲ್ಲ. ಓಲ್ಗಾ ದೊಡ್ಡವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರನ್ನು ಎಲ್ಲರಿಗೂ ಅಳತೆಗೋಲು ಮಾಡಬೇಡಿ.

ಫಿಸಿಯೋ ಅಕ್ಕ:

ನಾನು ಫಿಸಿಯೋಥೆರಪಿಸ್ಟ್. ವಯಸ್ಸಾದವರ ಜೊತೆಯೇ ಜಾಸ್ತಿ ಕೆಲಸ. ಗಟ್ಟಿ ಪ್ರಶ್ನೆಯವರ ಮಾತು ನೂರಕ್ಕೆ ನೂರು ಸರಿ, ಓಲ್ಗಾ ಅಳತೆಗೋಲು ಅಲ್ಲ. ಅದಕ್ಕೇ ನಾನು ಬೇರೆ ಉದಾಹರಣೆ ಕೊಡುತ್ತೇನೆ.

1990ರಲ್ಲಿ ಅಮೆರಿಕದ ಬಾಸ್ಟನ್‌ನ ಒಂದು ವೃದ್ಧರ ಆರೈಕೆ ಕೇಂದ್ರದಲ್ಲಿ ನಡೆದ ಅಧ್ಯಯನ ಇದೆ. 10 ಜನರು, ವಯಸ್ಸು ಸುಮಾರು 90. ಯಾರೂ ಕ್ರೀಡಾಪಟುಗಳಲ್ಲ. ಬಳಲಿದವರು, ಹಲವು ಕಾಯಿಲೆ ಇದ್ದವರು. ಇವರಿಗೆ 8 ವಾರ ತೊಡೆಯ ಸ್ನಾಯುಗಳಿಗೆ ತೂಕದ ವ್ಯಾಯಾಮ ಕೊಟ್ಟರು. ಹಗುರ ತೂಕ ಅಲ್ಲ, ಅವರ ಶಕ್ತಿಗೆ ತಕ್ಕ ಹಾಗೆ ಚೆನ್ನಾಗಿಯೇ ಭಾರವಾದದ್ದು. ಮುಗಿಸಿದವರ ಕಾಲಿನ ಶಕ್ತಿ ಸರಾಸರಿ 174 ಪ್ರತಿಶತ ಹೆಚ್ಚಿತು. ಇಬ್ಬರು ಊರುಗೋಲು ಬಿಟ್ಟು ನಡೆದರು.

ಅದೇ ಅಧ್ಯಯನದ ಇನ್ನೊಂದು ಭಾಗವನ್ನು ಜನ ಹೇಳುವುದಿಲ್ಲ. ವ್ಯಾಯಾಮ ನಿಲ್ಲಿಸಿ 4 ವಾರ ಆಗುವಷ್ಟರಲ್ಲಿ ಶಕ್ತಿ ಮೂರನೇ ಒಂದು ಭಾಗದಷ್ಟು ಇಳಿಯಿತು. ಅಂದರೆ ಸ್ನಾಯುವಿಗೆ ಯಾವ ವಯಸ್ಸಿನಲ್ಲೂ ಬೆಳೆಯುವ ಗುಣ ಇದೆ, ಆದರೆ ಅದನ್ನು ಕೂಡಿಟ್ಟುಕೊಳ್ಳೋಕೆ ಆಗಲ್ಲ.

ಮಂಡಿ ಸವೆದವರಿಗೂ ತೊಡೆಯ ಮುಂಭಾಗದ ಸ್ನಾಯು ಗಟ್ಟಿಯಾದರೆ ನೋವು ಕಮ್ಮಿಯಾಗುವುದು ಸಾಮಾನ್ಯ. ನಿಮ್ಮ ಅಮ್ಮ ಓಡಬೇಕಿಲ್ಲ. ಕುರ್ಚಿಯಿಂದ ಎದ್ದು ಕೂರುವುದೇ ಅವರ ಆಟ ಆಗಬಹುದು.

ಬಿಳಿಕೂದಲು:

ಇಷ್ಟು ಹೊತ್ತು ಓದುತ್ತಿದ್ದೆ. ನನಗೂ 70 ದಾಟಿದೆ, ಹಾಗಾಗಿ ನಮ್ಮ ಕಡೆಯ ಮಾತು ನಾನೇ ಹೇಳುತ್ತೇನೆ.

ನಮ್ಮ ಬಗ್ಗೆ ಮಾತಾಡುವವರು ಎರಡೇ ರೀತಿ. ಒಂದು, "ಪಾಪ, ವಯಸ್ಸಾಯ್ತು." ಇನ್ನೊಂದು, "ಅಬ್ಬಾ, ಈ ವಯಸ್ಸಲ್ಲೂ!" ಎರಡರಲ್ಲೂ ನನ್ನನ್ನು ಯಾರೂ ಕಲಿಯುವವಳು ಅಂತ ನೋಡುವುದಿಲ್ಲ. ಡಂಬೆಲ್ಸ್ ಎತ್ತಲು ಕಲಿಸಿದ ಹುಡುಗಿ ಮಾತ್ರ ಹಾಗಲ್ಲ. ಮೊದಲ ದಿನವೇ ಅವಳು ನನ್ನ ಬೆನ್ನು ಬಾಗಿದ್ದನ್ನು ತಿದ್ದಿದಳು. "ಆಂಟಿ, ಇದು ತಪ್ಪು, ಮತ್ತೆ ಮಾಡಿ" ಅಂದಳು. ಎಷ್ಟು ವರ್ಷದ ಮೇಲೆ ಯಾರೋ ನನ್ನ ತಪ್ಪು ತಿದ್ದಿದ್ದರು! ಅಂದರೆ ಇವಳು ಇನ್ನೂ ಸುಧಾರಿಸುತ್ತಾಳೆ ಅನ್ನುವ ನಂಬಿಕೆ ಆ ಮಗುವಿಗೆ ಇತ್ತು. ನನ್ನನ್ನು ಮತ್ತೆ ಮತ್ತೆ ಎಳೆದುಕೊಂಡು ಹೋಗುತ್ತಿರುವುದು ಅದೇ. ಆರೋಗ್ಯ ಅನ್ನುವುದು ಆಮೇಲಿನ ಮಾತು.

ಹೋದ ತಿಂಗಳಿಗಿಂತ ಈ ತಿಂಗಳು ಸ್ವಲ್ಪ ಚೆನ್ನಾಗಿ ಮಾಡಿದೆ ಅನ್ನುವ ಖುಷಿ ಇದೆಯಲ್ಲ, ಅದಕ್ಕೆ ವಯಸ್ಸಿಲ್ಲ. ದಯವಿಟ್ಟು ನಮ್ಮನ್ನು ಬರೀ ಹೊಗಳಬೇಡಿ. ಕಲಿಸಿ, ತಿದ್ದಿ.

ದೂರದ ಮಗಳು:

ಬಿಳಿಕೂದಲು ಅಮ್ಮ, ನಿಮ್ಮ ಮಾತು ಓದಿ ಕಣ್ಣು ತುಂಬಿತು. ನನ್ನ ಅಮ್ಮನಿಗೂ ನಿಮ್ಮಷ್ಟೇ ವಯಸ್ಸು. ಈ ವರ್ಷ ಜ್ವರ ಬಂದು ಆಸ್ಪತ್ರೆಯಲ್ಲಿದ್ದರು. ಜ್ವರ ವಾಸಿ ಆಯಿತು. ಆದರೆ ಮನೆಗೆ ಬಂದ ಮೇಲೆ ಕಾಲಲ್ಲಿ ಬಲವೇ ಇಲ್ಲ ಅನ್ನುತ್ತಾರೆ. ಬೀಳುವ ಭಯಕ್ಕೆ ಹಾಸಿಗೆ ಬಿಟ್ಟು ಏಳುವುದಿಲ್ಲ. ಆಸ್ಪತ್ರೆಯಲ್ಲಿ ರೆಸ್ಟ್ ಮಾಡಿ ಅಂದರೇ ಹೊರತು ಯಾವಾಗ ಏಳಬೇಕು, ಹೇಗೆ ಏಳಬೇಕು ಅಂತ ಯಾರೂ ಹೇಳಿಕೊಡಲಿಲ್ಲ. ನಾನು ದೂರದಲ್ಲಿದ್ದೇನೆ. ಫೋನಿನಲ್ಲಿ ಏನು ಹೇಳಲಿ? ಎಲ್ಲಿಂದ ಶುರು ಮಾಡಿಸಲಿ?

ಫಿಸಿಯೋ ಅಕ್ಕ:

ಇದಕ್ಕೆ ಸ್ವಲ್ಪ ಉದ್ದ ಉತ್ತರ ಬರೆಯುತ್ತೇನೆ, ಯಾಕೆಂದರೆ ಈ ಹಂತದಲ್ಲೇ ಎಷ್ಟೋ ಹೆಂಗಸರು ಕೈತಪ್ಪಿ ಹೋಗುತ್ತಾರೆ.

ಅಮ್ಮ ಹೇಳುತ್ತಿರುವುದು ಬರೀ ಮನಸ್ಸಿನ ಭಯ ಅಲ್ಲ. ಕಾಲಿನ ಬಲ ನಿಜವಾಗಿಯೂ ಹೋಗಿರುತ್ತದೆ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರೋಗ್ಯವಾಗಿದ್ದ ಹಿರಿಯರನ್ನೇ 10 ದಿನ ಹಾಸಿಗೆಯಲ್ಲಿ ಮಲಗಿಸಿದ್ದರು. ಅಷ್ಟಕ್ಕೇ ಕಾಲುಗಳಿಂದ ಹೆಚ್ಚುಕಡಿಮೆ 1 ಕೆಜಿ ಸ್ನಾಯು ಕರಗಿತ್ತು. ಕಾಯಿಲೆಯೂ ಇದ್ದು, ಊಟವೂ ಸೇರದಿದ್ದರೆ ಇನ್ನೂ ಜಾಸ್ತಿ.

ಇನ್ನೊಂದು ವಿಷಯ. ವಯಸ್ಸಾದಂತೆ ಮೊದಲು ಸಣ್ಣಗಾಗುವುದು ವೇಗದ ಸ್ನಾಯು ಎಳೆಗಳು. ಎಡವಿದಾಗ ಚಟ್ಟನೆ ಇನ್ನೊಂದು ಕಾಲು ಮುಂದಿಟ್ಟು ನಮ್ಮನ್ನು ಉಳಿಸುವುದು ಅವೇ. ಹೆಂಗಸರಿಗೆ ಮುಟ್ಟು ನಿಂತ ಮೇಲಿನ ಕೆಲವು ವರ್ಷ ಮೂಳೆಯೂ ಬೇಗ ತೆಳುವಾಗುತ್ತದೆ. ಬೀಳುವ ಸಾಧ್ಯತೆ ಜಾಸ್ತಿ, ಬಿದ್ದರೆ ಮುರಿಯುವ ಸಾಧ್ಯತೆಯೂ ಜಾಸ್ತಿ. ಬೀಳುವ ಭಯಕ್ಕೆ ಮಲಗಿದಷ್ಟೂ ಬೀಳುವ ಸಾಧ್ಯತೆ ಬೆಳೆಯುತ್ತದೆ. ಅದಕ್ಕೇ ಏಳಿಸಬೇಕು, ಆದರೆ ಹುಷಾರಾಗಿ.

ಮೊದಲು ಡಾಕ್ಟರ್ ಹತ್ತಿರ ಕೇಳಿ. ಎದೆನೋವು, ಎದ್ದಾಗ ತಲೆಸುತ್ತು, ಸುಮ್ಮನಿದ್ದಾಗಲೂ ಏದುಸಿರು ಇದ್ದರೆ ವ್ಯಾಯಾಮ ಶುರು ಮಾಡಬೇಡಿ. ಇಲ್ಲ ಅಂದರೆ ಗೋಡೆಗೆ ಒರಗಿಸಿದ, ಜಾರದ ಕುರ್ಚಿ ಸಾಕು. ಪಕ್ಕದಲ್ಲಿ ಒಬ್ಬರು ಇರಲಿ. ಮೊದಲು ಕೈ ಊರಿ ಎದ್ದು ಕೂರಲಿ. ಅದು ಸುಲಭವಾದಾಗ ಒಂದೇ ಕೈ, ಆಮೇಲೆ ಕೈ ಇಲ್ಲದೆ. ಉಸಿರು ಬಿಗಿ ಹಿಡಿಯಬಾರದು, ಏಳುವಾಗ ಉಸಿರು ಬಿಡಬೇಕು. ಕೂರುವಾಗ ದೊಪ್ಪನೆ ಬೀಳದೆ ನಿಧಾನವಾಗಿ ಇಳಿಯುವುದು ಬಹಳ ಮುಖ್ಯ. ಇಳಿಯುವಾಗಲೇ ಸ್ನಾಯುವಿಗೆ ಒಳ್ಳೆಯ ಕೆಲಸ ಸಿಗುವುದು. ಮೂಳೆ ತುಂಬಾ ತೆಳುವಾಗಿದೆ ಅಂತ ಗೊತ್ತಿದ್ದರೆ ಭಾರ ಹಿಡಿದು ಮುಂದಕ್ಕೆ ಬಾಗುವುದು ಬೇಡ.

ಸುಧಾರಣೆ ನೋಡಲು ನಾವು ಬಳಸುವ ಒಂದು ಪರೀಕ್ಷೆ ಇದೆ. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರುತ್ತಾರೆ ಅಂತ ಎಣಿಸುವುದು. 70ರಿಂದ 79ರ ಹೆಂಗಸರಲ್ಲಿ 10ಕ್ಕಿಂತ ಕಮ್ಮಿ ಆದರೆ ಬೀಳುವ ಅಪಾಯ ಹೆಚ್ಚು ಅಂತ ಲೆಕ್ಕ. ಈಗ ಎರಡೇ ಆದರೂ ಬರೆದಿಡಿ. ಬಿಳಿಕೂದಲು ಅಮ್ಮ ಹೇಳಿದರಲ್ಲ, ಹೋದ ಸಲಕ್ಕಿಂತ ಚೆನ್ನಾಗಿ ಮಾಡಿದ ಖುಷಿ, ಅದು ಈ ಸಣ್ಣ ಲೆಕ್ಕದಲ್ಲೇ ಸಿಗುತ್ತದೆ. ಫೋನಿನಲ್ಲಿ "ಹೇಗಿದ್ದೀಯಮ್ಮ" ಅನ್ನುವ ಜೊತೆಗೆ "ಇವತ್ತು ಎಷ್ಟಾಯ್ತು" ಅಂತಲೂ ಕೇಳಿ.

ಹತ್ತಿರದಲ್ಲಿ ಫಿಸಿಯೋ ಇದ್ದರೆ ಒಮ್ಮೆ ಮನೆಗೆ ಕರೆಸಿ ನೋಡಿಸಿ. ಪ್ರತಿ ಮನೆಯ ಅಮ್ಮನೂ ಬೇರೆ.

ದೂರದ ಮಗಳು:

ಅಕ್ಕ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ತುಂಬಾ ಥ್ಯಾಂಕ್ಸ್. ಇವತ್ತೇ ಡಾಕ್ಟರ್‌ಗೆ ಫೋನ್ ಮಾಡುತ್ತೇನೆ. ಕುರ್ಚಿಯ ಜಾಗ ಕೂಡ ಅಮ್ಮನೇ ಆರಿಸಲಿ ಅಂತ ಹೇಳುತ್ತೇನೆ.

ಮುಂಜಾನೆ ನಡಿಗೆ:

ದೇಹಗುಣದ ಪ್ರಶ್ನೆಗೆ ಬರುತ್ತೇನೆ. ವಿಜ್ಞಾನಿಗಳಿಗೂ ಅದೇ ಕುತೂಹಲ ಇತ್ತು. 2012ರಲ್ಲಿ, 93ನೇ ವಯಸ್ಸಿನಲ್ಲಿ ಓಲ್ಗಾ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಹೋಗಿ ಮೆದುಳಿನ ಸ್ಕ್ಯಾನ್ ಮಾಡಿಸಿಕೊಂಡರು. ಅದರ ವಿವರ ಪ್ರಕಟವಾಗಿದ್ದು ಅವರು ತೀರಿಕೊಂಡ ಮೇಲೆ, 2015ರಲ್ಲಿ. ಅವರಿಗಿಂತ ಎಷ್ಟೋ ಚಿಕ್ಕವರಾದ, 60–78ರ ಹೆಂಗಸರ ಜೊತೆ ಹೋಲಿಸಿ ನೋಡಿದ್ದರು. ಮೆದುಳಿನ ಭಾಗಗಳನ್ನು ಜೋಡಿಸುವ ಬಿಳಿ ನಾರುಗಳು ಅವರ ವಯಸ್ಸಿಗೆ ಆಶ್ಚರ್ಯ ಪಡುವಷ್ಟು ಚೆನ್ನಾಗಿದ್ದವು. ಆದರೆ ಇದು ಒಬ್ಬರನ್ನು ನೋಡಿ ಬರೆದದ್ದು. ವ್ಯಾಯಾಮದಿಂದಲೇ ಹೀಗಾಯಿತು ಅಂತ ಇದರಿಂದ ಹೇಳೋಕೆ ಆಗಲ್ಲ.

ಹಾಗಾಗಿ ಗಟ್ಟಿ ಪ್ರಶ್ನೆಯವರ ಮಾತು ನಿಲ್ಲುತ್ತದೆ. ಆದರೂ ನಾನು ಇನ್ನೊಬ್ಬರ ಹೆಸರು ಹೇಳಲೇಬೇಕು. ನಮ್ಮ ದೇಶದವರೇ ಆದ ಮಾನ್ ಕೌರ್. ಹುಟ್ಟಿದ್ದು 1916ರಲ್ಲಿ. ಮಗ ಗುರುದೇವ್ ಸಿಂಗ್ ಅವರೇ ಹುರಿದುಂಬಿಸಿ ಓಡಲು ಕರೆದುಕೊಂಡು ಹೋದಾಗ ಅವರಿಗೆ 93. 2017ರಲ್ಲಿ ಆಕ್ಲೆಂಡ್‌ನಲ್ಲಿ 100 ಮೀಟರ್ ಓಡಿ ಮುಗಿಸಿದಾಗ 101. ತೆಗೆದುಕೊಂಡ ಸಮಯ 74 ಸೆಕೆಂಡು. ಹೌದು, ಆ ವಯಸ್ಸಿನ ಗುಂಪಿನಲ್ಲಿ ಅವರೊಬ್ಬರೇ ಇದ್ದರು. ಆದರೆ ಆ ಮಗನನ್ನು ನೋಡಿ. ಸ್ವತಃ ವಯಸ್ಸಾಗಿದ್ದ ಅವರು 93ರ ತಾಯಿಗೆ "ಸುಮ್ನೆ ಕೂತ್ಕೊಳ್ಳಿ" ಅನ್ನಲಿಲ್ಲ, "ಬನ್ನಿ" ಅಂದರು. ಅಂಥ ಒಬ್ಬರು ಜೊತೆಗಿರುವುದು ಎಷ್ಟು ದೊಡ್ಡ ಮಾತು!

ಹಳೇ ಮೇಷ್ಟ್ರು:

ಬರೀ ಓಟ, ತೂಕ ಅಂತಲೇ ಹೋಗುತ್ತಿದೆ. ಕೈಯ ಕೆಲಸದ ಒಬ್ಬರನ್ನೂ ಸೇರಿಸೋಣ. ಮಂಡಿನೋವಿನ ತಾಯಂದಿರಿಗೆ ಇವರೇ ಹತ್ತಿರದವರು ಅನ್ನಿಸುತ್ತದೆ.

ಅಮೆರಿಕದ ಆನಾ ಮೇರಿ ರಾಬರ್ಟ್‌ಸನ್ ಮೋಸೆಸ್. ಜನ ಕರೆದದ್ದು ಗ್ರ್ಯಾಂಡ್‌ಮಾ ಮೋಸೆಸ್ ಅಂತ. 1860ರಲ್ಲಿ ಹುಟ್ಟಿ ಜೀವನವೆಲ್ಲ ಹೊಲದ ಕೆಲಸ ಮಾಡಿದವರು. ಬಟ್ಟೆಯ ಮೇಲೆ ಉಣ್ಣೆಯ ದಾರದಿಂದ ಚಿತ್ರ ಹೆಣೆಯುತ್ತಿದ್ದರು. ಸಂಧಿವಾತ ಬಂದು ಸೂಜಿ ಹಿಡಿಯುವುದು ಕಷ್ಟವಾಯಿತು. ಆಗ ಕೈ ಕಟ್ಟಿ ಕೂರಲಿಲ್ಲ, ಸೂಜಿ ಬಿಟ್ಟು ಕುಂಚ ಹಿಡಿದರು. ಅದು ಅವರಿಗೆ 80 ತುಂಬುವುದಕ್ಕೆ ಕೆಲವೇ ವರ್ಷ ಮೊದಲು. 1940ರಲ್ಲಿ, 80ನೇ ವಯಸ್ಸಿನಲ್ಲಿ ನ್ಯೂಯಾರ್ಕಿನಲ್ಲಿ ಅವರದೇ ಚಿತ್ರಗಳ ಪ್ರದರ್ಶನ ನಡೆಯಿತು. ಆಮೇಲೆ ಇನ್ನೂ ಎರಡು ದಶಕ ಚಿತ್ರ ಬರೆದರು. 1961ರಲ್ಲಿ ತೀರಿಕೊಂಡಾಗ 101.

ನೋವು ಹೋಗಲಿಲ್ಲ. ನೋವಿದ್ದ ಕೈಗೆ ಒಗ್ಗುವ ಕೆಲಸವನ್ನು ಅವರು ಹುಡುಕಿಕೊಂಡರು. ನನಗೆ ಇವರ ಮೇಲೆ ವಿಶ್ವದಾಖಲೆ ಮಾಡಿದವರಿಗಿಂತ ಒಂದು ಹಿಡಿ ಜಾಸ್ತಿ ಗೌರವ.

ಗಟ್ಟಿ ಪ್ರಶ್ನೆ:

ಮೇಷ್ಟ್ರೇ, ಇದನ್ನು ಅಮ್ಮನಿಗೆ ಖಂಡಿತ ಓದಿ ಹೇಳುತ್ತೇನೆ. ಇದರಲ್ಲಿ ಯಾರ ಮೇಲೂ ತಪ್ಪು ಹೊರಿಸುವ ದನಿ ಇಲ್ಲ.

ಇನ್ನೂ ಒಂದು ಪ್ರಶ್ನೆ ಉಳಿದಿದೆ. ಸಮಯ. ಗಂಡಸಿಗೆ ನಿವೃತ್ತಿ ಇದೆ, ಮನೆ ನೋಡಿಕೊಳ್ಳುವ ಹೆಂಗಸಿಗೆ ಎಲ್ಲಿದೆ? ಮಕ್ಕಳದ್ದು ಮುಗಿದರೆ ಮೊಮ್ಮಕ್ಕಳು, ಮಧ್ಯದಲ್ಲಿ ಕಾಯಿಲೆ ಬಿದ್ದ ಗಂಡನ ಆರೈಕೆ. ವ್ಯಾಯಾಮ ಮಾಡಿ ಅಂದರೆ "ದಿನವೆಲ್ಲ ಮನೆಕೆಲಸ ಮಾಡ್ತೀನಲ್ಲ, ಅದೇ ವ್ಯಾಯಾಮ" ಅಂತ ಅಮ್ಮ ಹೇಳುತ್ತಾರೆ. ಅಕ್ಕ, ಅದು ಸಾಕಾ?

ಫಿಸಿಯೋ ಅಕ್ಕ:

ಮನೆಕೆಲಸ ಕೂತಿರುವುದಕ್ಕಿಂತ ಖಂಡಿತ ಒಳ್ಳೆಯದು. ಆದರೆ ಸಾಕಾಗುವುದಿಲ್ಲ. ನಲವತ್ತು ವರ್ಷದಿಂದ ಎತ್ತುತ್ತಿರುವ ಅದೇ ಬಿಂದಿಗೆಯಿಂದ ಸ್ನಾಯುವಿಗೆ ಹೊಸ ಸವಾಲು ಸಿಗುವುದಿಲ್ಲ. ಭಾರ ಸ್ವಲ್ಪ ಸ್ವಲ್ಪ ಹೆಚ್ಚಾಗಬೇಕು, ನಡುವೆ ವಿಶ್ರಾಂತಿಯೂ ಬೇಕು. ಮನೆಕೆಲಸದಲ್ಲಿ ಎರಡೂ ಇಲ್ಲ, ಆಯಾಸ ಮಾತ್ರ ಇದೆ.

2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು ಹೀಗಿದೆ. 65 ದಾಟಿದವರು ವಾರಕ್ಕೆ 150ರಿಂದ 300 ನಿಮಿಷ ಚುರುಕು ನಡಿಗೆಯಂಥ ಚಟುವಟಿಕೆ ಮಾಡಬೇಕು. ವಾರಕ್ಕೆ ಎರಡು ದಿನವಾದರೂ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ, ಮೂರು ದಿನ ಸಮತೋಲನವನ್ನೂ ಬಲವನ್ನೂ ಬೆಳೆಸುವ ಚಟುವಟಿಕೆ. ಅಷ್ಟು ಆಗದವರು ಆದಷ್ಟು ಮಾಡಿದರೂ ಲಾಭ ಇದೆ ಅಂತ ಅದರಲ್ಲೇ ಇದೆ. ನಡಿಗೆ ನಮ್ಮಲ್ಲಿ ಎಷ್ಟೋ ಜನ ಮಾಡುತ್ತಾರೆ. ಬಿಟ್ಟುಹೋಗುವುದು ಉಳಿದ ಎರಡು.

ಸಮಯದ ಪ್ರಶ್ನೆಗೆ ಔಷಧ ನನ್ನ ಹತ್ತಿರ ಇಲ್ಲ, ಮನೆಯವರ ಹತ್ತಿರ ಇದೆ. ಆ ಅರ್ಧ ಗಂಟೆ ಮೊಮ್ಮಗುವನ್ನು ಬೇರೆ ಯಾರಾದರೂ ನೋಡಿಕೊಳ್ಳಬೇಕು. ದಿನಾ ಅದೇ ಹೊತ್ತಿಗೆ, ಅವರು ಬಾಯಿಬಿಟ್ಟು ಕೇಳುವ ಮೊದಲೇ.

ಬಿಳಿಕೂದಲು:

ಆ ಕೊನೆಯ ಮಾತಿಗೆ ನನ್ನದೊಂದು ಸೇರಿಸುತ್ತೇನೆ. ಆ ಅರ್ಧ ಗಂಟೆಯಲ್ಲಿ ಫೋನ್ ಮಾಡಿ "ಅದೆಲ್ಲಿಟ್ಟಿದ್ದೀರಿ, ಇದೆಲ್ಲಿಟ್ಟಿದ್ದೀರಿ" ಅಂತ ಕೇಳಬೇಡಿ. ಹುಡುಕಿಕೊಳ್ಳಿ.

ಈಗ ನನ್ನದೇ ಒಂದು ಪ್ರಶ್ನೆ. ಓಲ್ಗಾ ಅವರ ಪಟ್ಟಿ ಓದಿದಾಗಿನಿಂದ ಜಾವೆಲಿನ್ ಮೇಲೆ ಮನಸ್ಸು ನಿಂತಿದೆ. ಓಡಲು ನನಗೆ ಇಷ್ಟ ಇಲ್ಲ, ಎಸೆಯಲು ಇಷ್ಟ. ನಮ್ಮ ವಯಸ್ಸಿನವರಿಗೂ ಅದೇ ಭಾರದ ಜಾವೆಲಿನ್ ಕೊಡುತ್ತಾರಾ? ಭುಜ ತಡೆಯುತ್ತದಾ?

ಮುಂಜಾನೆ ನಡಿಗೆ:

ಬಿಳಿಕೂದಲು ಅಮ್ಮ, ಇದನ್ನು ಓದಿ ಆದ ಸಂತೋಷ ಅಷ್ಟಿಷ್ಟಲ್ಲ!

ಇಲ್ಲ, ಅದೇ ಭಾರ ಅಲ್ಲ. ಮಾಸ್ಟರ್ಸ್ ಅಥ್ಲೆಟಿಕ್ಸ್‌ನಲ್ಲಿ 35ರಿಂದ ಶುರುವಾಗಿ ಐದೈದು ವರ್ಷಕ್ಕೆ ಒಂದು ಗುಂಪು. 70–74ರವರು ಅವರವರಲ್ಲೇ ಸ್ಪರ್ಧಿಸುತ್ತಾರೆ. ಹೆಂಗಸರ ಜಾವೆಲಿನ್ 600 ಗ್ರಾಂ. 50 ದಾಟಿದ ಮೇಲೆ 500 ಗ್ರಾಂ, 75 ಆದ ಮೇಲೆ 400 ಗ್ರಾಂ. ಗುಂಡು ಎಸೆತದಲ್ಲೂ ಹಾಗೇ, 50ರಿಂದ 3 ಕೆಜಿ, 75ರಿಂದ 2 ಕೆಜಿ. ನಿಮಗೆ ಈಗ 500 ಗ್ರಾಂನದ್ದು ಬರುತ್ತದೆ.

ಫಿಸಿಯೋ ಅಕ್ಕ:

ಭುಜದ ಪ್ರಶ್ನೆ ನನ್ನದು. ಕೈ ತಲೆಯ ಮೇಲೆ ಪೂರ್ತಿ ನೋವಿಲ್ಲದೆ ಹೋಗುತ್ತದಾ ಅಂತ ಮೊದಲು ನೋಡಿ. ಹೋಗದಿದ್ದರೆ ಅದನ್ನು ಸರಿಮಾಡಿಕೊಂಡೇ ಮುಂದೆ. ಶುರುವಿನಲ್ಲಿ ಜಾವೆಲಿನ್ ಬೇಡ, ಹಗುರವಾದ ಚೆಂಡು ಸಾಕು. ನಿಂತಲ್ಲಿಂದಲೇ ಎಸೆಯಿರಿ, ಓಡಿ ಬಂದು ಎಸೆಯುವುದು ಬಹಳ ಆಮೇಲೆ. ಬಲ ಹೆಚ್ಚಾಗಿ ಬರುವುದು ಭುಜದಿಂದಲ್ಲ, ಕಾಲು ಮತ್ತು ಸೊಂಟದಿಂದ. ಕಾಲಿನ ವ್ಯಾಯಾಮ ಬಿಡಬೇಡಿ. ಒಂದು ದಿನ ಎಸೆದರೆ ಮಾರನೇ ದಿನ ಭುಜಕ್ಕೆ ರಜೆ. ಮತ್ತೆ, ನಿಮ್ಮ ಬೆನ್ನು ತಿದ್ದಿದ ಆ ಹುಡುಗಿಯನ್ನು ಜೊತೆಗೆ ಕರೆದುಕೊಂಡು ಹೋಗಿ.

ಬಿಳಿಕೂದಲು:

ಕೈ ಪೂರ್ತಿ ಮೇಲೆ ಹೋಗುತ್ತದೆ, ಈಗಷ್ಟೇ ನೋಡಿದೆ. ಎಡಗೈ ಸ್ವಲ್ಪ ಹಿಡಿಯುತ್ತದೆ, ಆದರೆ ನಾನು ಎಸೆಯುವುದು ಬಲಗೈಯಲ್ಲಿ. ಆ ಹುಡುಗಿಗೆ ಮೆಸೇಜ್ ಹಾಕಿದ್ದೇನೆ. ಅವಳೂ ಜಾವೆಲಿನ್ ಮುಟ್ಟಿಲ್ಲವಂತೆ, ಇಬ್ಬರೂ ಸೇರಿ ಕಲಿಯೋಣ ಆಂಟಿ ಅಂದಿದ್ದಾಳೆ.